ಸೊಂಟದ ಕಲ್ಲು

ಸೇವಂತಿಗೆ ಅರಳಿತೆಂದರೆ ನಮ್ಮ ಊರಿನ ಜನ ಸೊಂಟಕ್ಕೆ ಕಲ್ಲು ಕಟ್ಟಿಕೊಳ್ಳುತ್ತಾರೆ. ಬೆಟ್ಟದ ಬೆನ್ನಿನಿಂದ ಒಣಗಾಳಿ ಇಳಿಯತೊಡಗಿದ ಮೂರನೆಯ ದಿನಕ್ಕೆ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಐದನೆಯ ದಿನಕ್ಕೆ ಮೆಟ್ಟಿಲು ಹತ್ತುವುದು ಸುಲಭವಾಗಿ ಇಳಿಯುವುದು ಕಷ್ಟವಾಗುತ್ತದೆ. ಏಳನೆಯ ದಿನ ಕಲ್ಲಿಲ್ಲದೆ ಅಂಗಳಕ್ಕೆ ಬಂದವರು ಸೂರಿನ ಅಂಚು ಹಿಡಿದುಕೊಂಡು ನೆರೆಮನೆಯವರನ್ನು ಕೂಗಬೇಕು. ಇಪ್ಪತ್ತೈದು ದಿನ ಹೀಗೆ. ಆಮೇಲೆ ಗಾಳಿ ನಿಲ್ಲುತ್ತದೆ, ಎಲ್ಲರೂ ತಮ್ಮ ತಮ್ಮ ಭಾರಕ್ಕೆ ಮರಳುತ್ತಾರೆ. ದನ, ಕತ್ತೆ, ಮಡಕೆ, ಮಂಚ ಯಾವುದಕ್ಕೂ ಏನೂ ಆಗುವುದಿಲ್ಲ, ಆಗುವುದು ಮನುಷ್ಯರಿಗೆ ಮಾತ್ರ. ಅದೂ ನಮ್ಮ ಬಾವಿಯ ನೀರನ್ನು ಮೂರು ವರ್ಷ ಕುಡಿದವರಿಗೆ. ಊರು ಬಿಟ್ಟು ಮೂರು ವರ್ಷ ಬೇರೆ ನೀರು ಕುಡಿದರೆ ಹಗುರ ಹೊರಟುಹೋಗುತ್ತದೆ.

ಆ ಕಲ್ಲುಗಳನ್ನು ಮಾಡುವವಳು ನಾನು. ಅಪ್ಪ ಇಟ್ಟ ಹೆಸರು ಸೂಯಿಂಗ್. ಊರಿನವರು ಕರೆಯುವುದು ಕಲ್ಲಕ್ಕ ಎಂದು. ಹೊಳೆಯ ಕಪ್ಪು ಕಲ್ಲು ತಂದು, ಸೊಂಟದ ತಿರುವಿಗೆ ಕೂರುವಂತೆ ಕೆತ್ತಿ, ನುಣ್ಣಗೆ ಉಜ್ಜಿ, ಎರಡು ತುದಿಗೂ ತೂತು ಕೊರೆದು ಪಟ್ಟಿ ಪೋಣಿಸುತ್ತೇನೆ. ನನಗೆ ತಕ್ಕಡಿ ಬೇಡ. ಮನುಷ್ಯ ಬಾಗಿಲಿನಿಂದ ನನ್ನ ಮಣೆಯ ತನಕ ಏಳು ಹೆಜ್ಜೆ ನಡೆದು ಬರಲಿ, ಅವನಿಗೆ ಎಷ್ಟು ಕಲ್ಲು ಬೇಕೆಂದು ನನ್ನ ಕಣ್ಣು ಹೇಳುತ್ತದೆ. ನಲವತ್ತು ವರ್ಷದ ಕೆಲಸದಲ್ಲಿ ತೂಕ ಸರಿಯಿಲ್ಲವೆಂದು ಕಲ್ಲು ವಾಪಸ್ಸು ತಂದವರು ಯಾರೂ ಇಲ್ಲ. ಹಗುರಾದವರು ಪುಣ್ಯವಂತರು, ಭಾರದವರು ಪಾಪಿಗಳು ಎಂದು ಮಠದ ಭಿಕ್ಷು ಒಬ್ಬ ಹೇಳುತ್ತಿದ್ದ. ಊರಿಗೆಲ್ಲ ಅತಿ ಹಗುರದವನು ಕೋಳಿಕಳ್ಳ ಹೂ ಸಾನ್. ಅವನಿಗೆ ಕಲ್ಲು ಕಟ್ಟಿದ ದಿನದಿಂದ ನಾನು ಆ ಮಾತನ್ನು ನಂಬುವುದು ಬಿಟ್ಟೆ.

ಗಾಳಿಯ ತಿಂಗಳಲ್ಲಿ ಬೀದಿಯ ಎರಡೂ ಬದಿ ಹಗ್ಗ ಕಟ್ಟುತ್ತೇವೆ. ಆಗತಾನೆ ಮೂರು ವರ್ಷ ತುಂಬಿದ ಕೂಸುಗಳನ್ನು ಬುಟ್ಟಿಯಲ್ಲಿಟ್ಟು ಮೇಲೆ ಬಲೆ ಹೊದಿಸುತ್ತೇವೆ. ಮದುವೆ ಇಟ್ಟುಕೊಳ್ಳುವುದಿಲ್ಲ. ಹೊಡೆದಾಟವೂ ಇರುವುದಿಲ್ಲ, ಏಕೆಂದರೆ ಕೆನ್ನೆಗೆ ಬಾರಿಸಿದವನೇ ಹಿಂದಕ್ಕೆ ಹಾರಿಹೋಗುತ್ತಾನೆ. ಶಾವಿಗೆ ಮಾರುವ ವೂ ಅಜ್ಜಿ ಒಂದು ಕಾಲನ್ನು ಒಲೆಯ ಕಟ್ಟೆಗೆ ಬಿಗಿದುಕೊಂಡು, ಇನ್ನೊಂದು ಕಾಲನ್ನು ಗಾಳಿಗೆ ಬಿಟ್ಟು, ಶಾವಿಗೆ ಕುದಿಸುತ್ತಾಳೆ. ಪರವೂರಿನ ವ್ಯಾಪಾರಿಗಳು ಬಾಯಿ ಬಿಟ್ಟು ನೋಡಿದರೆ, "ಏನಪ್ಪಾ, ಮುದುಕೀರನ್ನ ನೋಡಿಲ್ವಾ?" ಎಂದು ಸೌಟು ತೋರಿಸುತ್ತಾಳೆ.

ರಾಜಧಾನಿಯಿಂದ ಬರುವ ಅಧಿಕಾರಿಗಳಿಗೆ ಇದರ ಗೋಜು ಇರಲಿಲ್ಲ. ಅವರ ಅವಧಿಯೇ ಮೂರು ವರ್ಷ. ಹಗುರಾಗುವ ಮೊದಲೇ ವರ್ಗವಾಗಿ ಹೋಗುತ್ತಿದ್ದರು. ಆದರೆ ಲು ಜಿಂಗ್ಯಾನ್ ಎಂಬ ಅಧಿಕಾರಿ ಬಂದ ಕಾಲದಲ್ಲಿ ರಾಜ್ಯವೇ ಅಲ್ಲಾಡುತ್ತಿತ್ತು. ದಕ್ಷಿಣದಲ್ಲಿ ಬಂಡುಕೋರರು ಎದ್ದಿದ್ದರು, ದಾರಿಗಳು ಮುಚ್ಚಿದ್ದವು, ವರ್ಗದ ಆಜ್ಞೆ ಬರಲೇ ಇಲ್ಲ. ಮೂರು ದಾಟಿ ನಾಲ್ಕನೆಯ ಶರತ್ಕಾಲ ಬಂತು. ಮೂವತ್ತು ವರ್ಷದ ಮನುಷ್ಯ, ಓದಿದವನು, ನೇರ ನಡೆಯವನು. ತಲೆಯ ಮೇಲೆ ಎರಡೂ ಕಡೆ ಮೊಳದುದ್ದದ ರೆಕ್ಕೆಯಿದ್ದ ಕಪ್ಪು ಟೋಪಿ. ಅದು ಅವನ ಪದವಿಯ ಗುರುತು. ಗಾಳಿ ಶುರುವಾದ ನಾಲ್ಕನೆಯ ದಿನ ನಾನೇ ಕಚೇರಿಗೆ ಹೋದೆ.

"ದೊರೆ, ಈ ಸಲ ನೀವೂ ಕಲ್ಲು ಕಟ್ಕೋಬೇಕು," ಎಂದೆ.

"ನಾನು ಈ ಊರಿನವನಲ್ಲ, ಕಲ್ಲಕ್ಕ."

"ನೀವಲ್ಲ ದೊರೆ, ನೀವು ಕುಡ್ದ ನೀರು ಈ ಊರಿಂದು."

ಅವನು ನಕ್ಕ. ತನ್ನ ಸೊಂಟದ ಪಟ್ಟಿ ಮುಟ್ಟಿ ತೋರಿಸಿದ. ಅದಕ್ಕೆ ಹಸಿರು ಶಿಲೆಯ ಬಿಲ್ಲೆಗಳನ್ನು ಹೊಲಿದಿದ್ದರು. "ಇದು ಆಸ್ಥಾನ ಕೊಟ್ಟದ್ದು. ಇದರ ಮೇಲೆ ಹೊಳೆಯ ಕಲ್ಲು ನೇತುಹಾಕಿಕೊಂಡು ನ್ಯಾಯ ಹೇಳಲೇ? ನನ್ನ ಮೈ ನನ್ನ ಮಾತು ಕೇಳುತ್ತೆ."

"ಕೇಳ್ಲಿ ದೊರೆ," ಎಂದು ಬಂದುಬಿಟ್ಟೆ. ಮೂರು ದಿನ ಕಳೆದ ಮೇಲೆ ಅವನು ಕಚೇರಿಯ ಕಂಬ ಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿದ. ಕಂಬಕ್ಕೆ ಕೈಯೂರಿ ನಿಂತೇ ವ್ಯಾಜ್ಯ ಕೇಳುತ್ತಿದ್ದ. ಜನ ಗೊತ್ತಿಲ್ಲದವರಂತೆ ಇದ್ದರು. ನಮ್ಮ ಊರಿನವರಿಗೆ ಅಷ್ಟು ಮರ್ಯಾದೆ ಉಂಟು.

ಇನ್ನು ನನ್ನ ಗಂಡನ ವಿಷಯ ಹೇಳಬೇಕು. ಅವನ ಹೆಸರು ಫಾಂಗ್ ತಾವ್. ಹಗ್ಗ ಹೊಸೆಯುವವನು. ನಮ್ಮ ಊರಿನ ಮುಂದೆ ಅರವತ್ತು ಮಾರು ಅಗಲದ ಕಣಿವೆ ಇದೆ, ಕೆಳಗೆ ಹೊಳೆ. ಅದರ ಮೇಲಿನ ಬಿದಿರುಹಗ್ಗದ ತೂಗುಸೇತುವೆ ಅವನ ಕೈಕೆಲಸ. ಪ್ರತಿ ವರ್ಷ ಹಗ್ಗ ಬದಲಿಸುವವನೂ ಅವನೇ. ನಮಗೊಬ್ಬಳು ಮಗಳಿದ್ದಳು, ಚುನ್ಯಾ. ಆರು ವರ್ಷದವಳಿದ್ದಾಗ, ಗಾಳಿ ತಿಂಗಳ ಹತ್ತನೆಯ ದಿನ, ಅವಳು ಅಪ್ಪನ ಜೊತೆ ಸಂತೆಗೆ ಹೋದಳು. ಕಲ್ಲು ಮಾಡಿದವಳು ನಾನು, ಪಟ್ಟಿಗೆ ಗಂಟು ಹಾಕಿದವನು ಅವನು. ಎಳ್ಳುಂಡೆ ಮಾರುವವನ ಮುಂದೆ ನಿಂತಿದ್ದ ಮಗು ಒಮ್ಮೆಗೇ ಎದ್ದಿತು. ಅವನು ಎಗರಿ ಹಿಡಿದ. ಕೈಗೆ ಬಂದದ್ದು ಒಂದು ಪುಟ್ಟ ಬಟ್ಟೆಯ ಪಾದರಕ್ಷೆ. ಮಗು ಕಣಿವೆಯ ಮೇಲೆ ಹೋಗುವುದನ್ನು ಸಂತೆಯ ಜನವೆಲ್ಲ ನೋಡಿದರು. ಎಲ್ಲಿ ಇಳಿಯಿತು, ಇಳಿಯಿತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ. ಕಲ್ಲೂ ಸಿಗಲಿಲ್ಲ, ಪಟ್ಟಿಯೂ ಸಿಗಲಿಲ್ಲ.

ಹದಿಮೂರು ದಿನ ಹುಡುಕಿ ಬಂದ ಮೇಲೆ ಅವನು ಕೇಳಿದ: "ಕಲ್ಲು ಸರಿಯಿತ್ತಾ?"

"ನನ್ನ ಕಲ್ಲು ಯಾವತ್ತು ತಪ್ಪಿದೆ? ನಿನ್ನ ಗಂಟು ಬಿಚ್ಚಿಕೊಂಡಿದೆ," ಎಂದೆ ನಾನು.

ಅವನು ಮತ್ತೆ ಮಾತಾಡಲಿಲ್ಲ. ಆ ಚಳಿಗಾಲದಲ್ಲೇ ಸೇತುವೆ ದಾಟಿ ಆಚೆ ದಡಕ್ಕೆ ಹೋದ. ಅಲ್ಲಿಯ ಸೇತುವೆ ಕಂಬದ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡ. ಹನ್ನೊಂದು ವರ್ಷ ಅಲ್ಲೇ ಇದ್ದ. ಹಗ್ಗ ಬದಲಿಸುವಾಗ ಈಚೆ ದಡಕ್ಕೆ ಬಂದರೂ ಊರೊಳಗೆ ಕಾಲಿಡುತ್ತಿರಲಿಲ್ಲ. ನಾನೂ ಹೊಳೆಗೆ ಕಲ್ಲು ತರಲು ಹೋಗುವಾಗ ಆ ಕಡೆ ತಲೆ ಎತ್ತುತ್ತಿರಲಿಲ್ಲ. ನನ್ನ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಕಲ್ಲಕ್ಕನ ಕಣ್ಣು ತಪ್ಪುವುದಿಲ್ಲ ಎಂದು ಜನ ಆಗಲೂ ಹೇಳುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ.

ಆ ವರ್ಷ ಗಾಳಿ ತಿಂಗಳ ಹದಿನಾಲ್ಕನೆಯ ದಿನ ಬೆಳಿಗ್ಗೆ ಆಚೆ ದಡದಿಂದ ಒಬ್ಬ ಸವಾರ ಬಂದ. ಬಂಡುಕೋರರು ದಕ್ಷಿಣದ ಹಳ್ಳಿಗಳನ್ನು ಸುಡುತ್ತಾ ಬರುತ್ತಿದ್ದಾರೆ, ನಾಳೆ ಸಂಜೆಯೊಳಗೆ ಕಣಿವೆಗೆ ಮುಟ್ಟುತ್ತಾರೆ ಎಂದ. ಆಚೆ ಹಳ್ಳಿಯವರ ಗತಿ ಏನೆಂದು ಲು ಕೇಳಿದ. ಅವರೆಲ್ಲ ಎರಡು ದಿನದ ಹಿಂದೆಯೇ ಆ ಕಡೆಯ ಕೋಟೆಗೆ ಹೋಗಿ ಸೇರಿಕೊಂಡರು, ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ ಎಂದ ಸವಾರ.

"ಹಾಗಿದ್ದರೆ ಸೇತುವೆ ಕಡಿಯಿರಿ," ಎಂದ ಲು.

ನಾನು ಗುಂಪಿನಲ್ಲಿದ್ದೆ. ಆಚೆ ಕಂಬದ ಪಕ್ಕದ ಗುಡಿಸಲಿನ ಬಾಗಿಲು ಮುಚ್ಚಿತ್ತು. ಅವನೂ ಕೋಟೆಗೆ ಹೋಗಿರಬೇಕು ಅಂದುಕೊಂಡೆ. ನಮ್ಮ ಕಡೆಯ ಕಂಬದಲ್ಲಿ ಆರು ಹಗ್ಗಗಳನ್ನೂ ಕೊಡಲಿಯಿಂದ ಕಡಿದರು. ಸೇತುವೆ ಬೀಸಿಕೊಂಡು ಹೋಗಿ ಆಚೆ ದಡದ ಬಂಡೆಗೆ ಬಡಿದು, ಹಲಗೆಗಳ ಸಮೇತ ಜೋತುಬಿತ್ತು.

ಮಧ್ಯಾಹ್ನದ ಹೊತ್ತಿಗೆ ಆಚೆ ದಡದ ಇಳಿಜಾರಿನಲ್ಲಿ ಜನ ಕಾಣಿಸಿಕೊಂಡರು. ಮೊದಲು ಹತ್ತು, ಆಮೇಲೆ ಐವತ್ತು, ನೋಡನೋಡುತ್ತ ಮುನ್ನೂರು. ಗಂಟುಮೂಟೆ ಹೊತ್ತವರು, ಮುದುಕರನ್ನು ಬೆನ್ನ ಮೇಲೆ ಹೊತ್ತವರು, ಮೇಕೆ ಎಳೆದುಕೊಂಡು ಬರುವವರು. ಕೋಟೆಯವರು ಬಾಗಿಲು ತೆರೆದಿರಲಿಲ್ಲ. ಅವರ ಬೆನ್ನ ಹಿಂದೆ, ಎರಡು ಗುಡ್ಡದ ಆಚೆ, ಹೊಗೆ ಏಳುತ್ತಿತ್ತು. ಬಂಡುಕೋರರು ನಾಳೆ ಬರುವವರಲ್ಲ, ಇವತ್ತೇ ಬರುವವರು. ಜನ ಕಂಬದ ಬಳಿಗೆ ಬಂದು, ಸೇತುವೆ ಇಲ್ಲದ್ದು ನೋಡಿ ನಿಂತರು. ಇಷ್ಟು ದೂರಕ್ಕೆ ಅವರ ಕೂಗು ಕೇಳಿಸುತ್ತಿರಲಿಲ್ಲ, ಗಾಳಿ ನಮ್ಮಿಂದ ಅವರ ಕಡೆಗೆ ಬೀಸುತ್ತಿತ್ತು. ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು.

ಆ ಗುಂಪಿನ ಮುಂದೆ ಒಬ್ಬ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾ ಬಂದು ಕಂಬವನ್ನು ತಡವಿ ನೋಡಿದ. ನಡಿಗೆ ನೋಡಿ ತೂಕ ಹೇಳುವವಳಿಗೆ ಗಂಡನ ನಡಿಗೆ ತಿಳಿಯದೇ? ಅವರನ್ನು ಕರೆತರಲೆಂದೇ ಅವನು ಗುಡಿಸಲು ಮುಚ್ಚಿ ಹೋಗಿದ್ದ.

ಲು ಕಚೇರಿಯಿಂದ ಕಣಿವೆಯ ತನಕ ಇಬ್ಬರು ಕಾವಲುಗಾರರ ಭುಜ ಹಿಡಿದುಕೊಂಡು ಬಂದಿದ್ದ. ಅವನ ಕಾವಲುಗಾರರು ಎಂಟು ಮಂದಿ, ಹೋದ ವರ್ಷ ಬಂದವರು, ಇನ್ನೂ ಭಾರವಿದ್ದರು. ಆಚೆ ನೋಡುತ್ತ ನಿಂತವನ ಮುಖ ಸುಣ್ಣವಾಗಿತ್ತು. "ಕಡಿಯಲು ಹೇಳಿದ್ದು ನಾನು," ಎಂದ. ಆಗ ಅವನು ನನ್ನ ಕಡೆ ತಿರುಗಿದ. "ಕಲ್ಲಕ್ಕ, ಈ ಗಾಳಿ ಆ ದಡಕ್ಕೇ ಅಲ್ಲವೇ ಬೀಸೋದು? ನನ್ನ ಸೊಂಟಕ್ಕೆ ಹುರಿ ಕಟ್ಟಿ ಬಿಡಿ. ನಾನು ಒಯ್ಯುತ್ತೇನೆ."

ಆ ಯೋಚನೆ ನನಗೂ ಬಂದಿತ್ತು. ಅವನು ಮೊದಲು ಹೇಳಿದ್ದು ಕೇಳಿ ಅವನ ಮೇಲೆ ಗೌರವ ಹುಟ್ಟಿತು. ಆದರೂ ಹೇಳಬೇಕಾದ್ದು ಹೇಳಿದೆ: "ದೊರೆ, ನಿಮ್ಮನ್ನ ಬಿಟ್ರೆ ಆ ದಡಕ್ಕಲ್ಲ, ಸೀದಾ ಸ್ವರ್ಗಕ್ಕೇ ಹೋಗ್ತೀರಾ. ನಡುವೆ ಗಾಳಿ ಕೆಳಕ್ಕೆ ಎಳೆಯುತ್ತೆ, ಆಚೆ ಬಂಡೆ ಹತ್ರ ಮೇಲಕ್ಕೆ ಎತ್ತುತ್ತೆ. ಎಲ್ಲಿ ಎಷ್ಟು ಕಲ್ಲು ಬಿಡ್ಬೇಕು ಅನ್ನೋದು ಮೈಗೆ ಗೊತ್ತಿರ್ಬೇಕು. ಅದು ಗೊತ್ತಿರೋಳು ನಾನೊಬ್ಳೇ. ನೀವು ಈಚೆ ಇರಿ. ಎಳೆಯೋಕೆ ಜನ ಬೇಕು."

"ಹಗುರ ಜನ ಹಗ್ಗ ಎಳೆದ್ರೆ ಹಗ್ಗ ಬರಲ್ಲ, ಜನಾನೇ ಹೋಗ್ತಾರೆ," ಎಂದಳು ವೂ ಅಜ್ಜಿ.

"ಅದಕ್ಕೇ ನನ್ನ ಅಂಗಡಿಲಿರೋ ಕಲ್ಲೆಲ್ಲ ತರ್ರಿ. ಒಬ್ಬೊಬ್ಬರು ನಾಲ್ಕು ನಾಲ್ಕು ಕಟ್ಕೊಳ್ಳಿ. ಉಪ್ಪು ಮಾರೋಕೆ ಬಂದೋರ ಹೇಸರಗತ್ತೆಗಳನ್ನ ಬಿಚ್ಚಿ ತರ್ರಿ. ದೊರೆ, ನಿಮ್ಮ ಕಾವಲಿನೋರನ್ನ ಮುಂದೆ ನಿಲ್ಸಿ."

ಜನ ಓಡಿದರು. ಓಡಿದರು ಅನ್ನುವುದಕ್ಕಿಂತ ಹಗ್ಗ ಹಿಡಿದು ತೇಲಿದರು ಅನ್ನಬೇಕು. ನೇಕಾರರ ಕೇರಿಯಿಂದ ಹುಲ್ಲುಕಡ್ಡಿಯ ದಪ್ಪದ ರೇಷ್ಮೆ ಹುರಿ ಬಂತು, ಅರವತ್ತು ಮಾರಲ್ಲ, ನೂರು ಮಾರು. ನನ್ನ ದೊಡ್ಡ ಕಲ್ಲನ್ನು ಬಿಚ್ಚಿ, ಅಷ್ಟೇ ತೂಕಕ್ಕೆ ಮುಷ್ಟಿಗಾತ್ರದ ಚಿಕ್ಕ ಕಲ್ಲುಗಳನ್ನು ಚೀಲದಲ್ಲಿ ತುಂಬಿ ಕೊರಳಿಗೆ ಹಾಕಿಕೊಂಡೆ. ಹುರಿಯ ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕತೊಡಗಿದೆ. ಎರಡು ಸುತ್ತು, ಒಳಗಿನಿಂದ ಒಂದು ಎಳೆ, ಮತ್ತೆ ಹಿಂದಕ್ಕೆ.

ವೂ ಅಜ್ಜಿ ಬಗ್ಗಿ ನೋಡಿದಳು. "ಇದು ತಾವ್ ಹಾಕೋ ಗಂಟಲ್ವೇನೇ?"

"ಹೌದು. ಇದಕ್ಕಿಂತ ಗಟ್ಟಿ ಗಂಟು ಈ ಊರಲ್ಲಿಲ್ಲ," ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಕೇಳಿಸಿತು. ಹನ್ನೊಂದು ವರ್ಷದಿಂದ ನಾನು ಊರಿಗೆಲ್ಲ ಹೇಳಿದ್ದು ಬೇರೆ. ಜೀವ ಪಣಕ್ಕಿಟ್ಟಾಗ ನನ್ನ ಕೈ ಹುಡುಕಿದ್ದು ಆ ಗಂಟನ್ನೇ. ವೂ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಗಂಟನ್ನೊಮ್ಮೆ ಎಳೆದು ನೋಡಿ ಬೆನ್ನು ತಟ್ಟಿದಳು.

ಕಣಿವೆಯ ಅಂಚಿನಿಂದ ಕಾಲು ಕಿತ್ತೆ. ಭಯವಾಯಿತೇ ಎಂದು ಈಗಲೂ ಕೇಳುತ್ತಾರೆ. ಭಯಕ್ಕೆ ಬಿಡುವಿರಲಿಲ್ಲ. ಗಾಳಿ ಬೆನ್ನಿಗೆ ಕೈ ಕೊಟ್ಟು ನೂಕಿತು. ಹತ್ತು ಮಾರು ಸಲೀಸಾಗಿ ಹೋದೆ. ಇಪ್ಪತ್ತನೆಯ ಮಾರಿಗೆ ಕಾಲು ಕೆಳಗೆ ಜಗ್ಗಿದಂತಾಯಿತು, ಹೊಳೆಯ ತಣ್ಣನೆ ಉಸಿರು ಮೇಲೆ ಬಂತು. ಒಂದು ಕಲ್ಲು ಬಿಟ್ಟೆ. ಸಾಲಲಿಲ್ಲ. ಇನ್ನೊಂದು. ಹಿಂದೆ ಹುರಿ ಉದ್ದವಾದಷ್ಟೂ ಅದರ ಭಾರ ಸೊಂಟವನ್ನು ಎಳೆಯುತ್ತಿತ್ತು. ಅದನ್ನೂ ಲೆಕ್ಕ ಹಿಡಿದು ಮತ್ತೆರಡು ಬಿಟ್ಟೆ. ಕಲ್ಲು ನೀರಿಗೆ ಬಿದ್ದ ಸದ್ದು ಕೇಳುವಷ್ಟರಲ್ಲಿ ನಾನು ಮುಂದೆ ಹೋಗಿರುತ್ತಿದ್ದೆ. ನಲವತ್ತು ಮಾರು ದಾಟಿದಾಗ ಆಚೆಯವರ ಮುಖಗಳು ಬೇರೆ ಬೇರೆಯಾಗಿ ಕಂಡವು. ಸರಿಯಾಗಿ ಕಂಬದ ಎತ್ತರಕ್ಕೇ ಹೋಗುತ್ತಿದ್ದೆ. ಆಗ ಬಂಡೆಗೆ ಬಡಿದ ಗಾಳಿ ನನ್ನನ್ನು ಎತ್ತಿತು.

ಚೀಲದಲ್ಲಿ ಉಳಿದದ್ದು ಎರಡೇ ಕಲ್ಲು. ಬಿಡುವುದಕ್ಕೆ ಬೇಕಾದಷ್ಟು ತಂದಿದ್ದೆ, ಕೂಡಿಸಿಕೊಳ್ಳುವುದಕ್ಕೆ ಎಲ್ಲಿಂದ ತರಲಿ? ಜನರ ತಲೆಯ ಮೇಲೆ ಎರಡಾಳು ಎತ್ತರದಲ್ಲಿ ತೇಲಿದೆ. ಕೈ ಚಾಚಿದವರ ಬೆರಳು ತಾಗುತ್ತಿರಲಿಲ್ಲ. ಗಾಳಿ ಮತ್ತೊಮ್ಮೆ ಎತ್ತಿದರೆ ಹುರಿ ಮುಗಿದು ಕಡಿಯುತ್ತದೆ. ಆಮೇಲೆ ನಾನು ಎಲ್ಲಿ ಹೋಗುತ್ತೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನಗಿಂತ ಮೊದಲು ಒಬ್ಬಳು ಹೋಗಿದ್ದಳು.

ತಾವ್ ಆಗಲೇ ಕಂಬ ಹತ್ತಿಯಾಗಿತ್ತು. ಐವತ್ತೈದು ವರ್ಷದವನು, ಕುಂಟುಗಾಲಿನವನು, ಕಂಬದ ತುದಿಯಲ್ಲಿ ಎರಡೂ ಪಾದ ಊರಿ ನಿಂತು ನನ್ನನ್ನೇ ನೋಡಿದ. ಆಮೇಲೆ ಎಗರಿದ. ಅವನ ಬೆರಳು ನನ್ನ ಹಿಮ್ಮಡಿಗೆ ತಾಗಿತು, ಜಾರಿತು, ಮತ್ತೆ ಕಣಕಾಲನ್ನು ಹಿಡಿಯಿತು. ಹನ್ನೊಂದು ವರ್ಷ ಬೇರೆ ನೀರು ಕುಡಿದ ಮನುಷ್ಯನ ಪೂರ್ತಿ ಭಾರ ನನ್ನ ಕಾಲಿಗೆ ಜೋತುಬಿತ್ತು. ಇಬ್ಬರೂ ದಬ್ಬೆಂದು ಜನರ ಮೇಲೆ ಬಿದ್ದೆವು. ಅವನು ನನ್ನ ಕಾಲು ಬಿಡಲಿಲ್ಲ. ನೆಲಕ್ಕೆ ಬಿದ್ದ ಮೇಲೂ, ಯಾರೋ ಬಂದು ನನ್ನ ತೊಡೆಯ ಮೇಲೆ ಮೂಟೆ ಹೇರಿದ ಮೇಲೂ ಬಿಡಲಿಲ್ಲ. ಮಾರನೆಯ ದಿನ ಅಲ್ಲಿ ಅವನ ಐದು ಬೆರಳಿನ ಗುರುತುಗಳೂ ನೀಲಿಗಟ್ಟಿದ್ದವು.

"ಹುರಿ ಕೊಡು," ಎಂದ ಕೊನೆಗೆ. ಹನ್ನೊಂದು ವರ್ಷದ ನಂತರದ ಮೊದಲ ಮಾತು.

ನನ್ನ ಸೊಂಟದ ಗಂಟು ಬಿಚ್ಚಲು ಬಗ್ಗಿದವನು ಅದನ್ನು ನೋಡಿ ತಡೆದ. ಹೆಬ್ಬೆರಳಿನಿಂದ ಒಮ್ಮೆ ಸವರಿದ. ನನ್ನ ಮುಖ ನೋಡಲಿಲ್ಲ. ಬೇಗ ಬೇಗ ಬಿಚ್ಚಿ ಎದ್ದ.

ಆಮೇಲಿನದು ಕೆಲಸ. ರೇಷ್ಮೆ ಹುರಿಯ ಊರ ಕಡೆಯ ತುದಿಗೆ ನಮ್ಮೂರಿನವರು ಸೆಣಬಿನ ಹಗ್ಗ ಕಟ್ಟಿದರು. ನಾನಿದ್ದ ದಡದ ಜನ ಅದನ್ನು ಎಳೆದುಕೊಂಡರು. ತಾವ್ ಜೋತುಬಿದ್ದ ಸೇತುವೆಯ ಕಡಿದ ತುದಿಗಳನ್ನು ಐವತ್ತು ಜನರ ಕೈಯಲ್ಲಿ ಮೇಲಕ್ಕೆತ್ತಿಸಿ ಸೆಣಬಿನ ಹಗ್ಗಕ್ಕೆ ಬಿಗಿದ. ಕೈಬೀಸಿದ. ಊರಿನ ದಡದಲ್ಲಿ ಹೇಸರಗತ್ತೆಗಳು, ಅವುಗಳ ಹಿಂದೆ ಎಂಟು ಕಾವಲುಗಾರರು, ಅವರ ಹಿಂದೆ ಮೈತುಂಬ ಕಲ್ಲು ಕಟ್ಟಿಕೊಂಡ ನಮ್ಮ ಊರು ಎಳೆಯತೊಡಗಿತು. ಸೇತುವೆ ಮುದಿ ಹಾವಿನಂತೆ ಹಂದಾಡುತ್ತ ಕಣಿವೆಯ ಮೇಲೆ ಹೋಯಿತು. ಸಾಲಿನ ಮೊದಲಲ್ಲಿ ಒಬ್ಬನ ತಲೆಯ ಟೋಪಿ ಹಾರಿತು, ಎರಡು ರೆಕ್ಕೆ ಬಿಚ್ಚಿಕೊಂಡು ನಮ್ಮ ಕಡೆಗೇ ಹಾರಿ ಬಂತು, ನಮ್ಮನ್ನೂ ದಾಟಿ ಹೋಯಿತು. ಲು ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವನ ಹಸಿರು ಬಿಲ್ಲೆಯ ಪಟ್ಟಿಯ ಮೇಲೆ ನನ್ನ ಅಂಗಡಿಯ ನಾಲ್ಕು ಕಲ್ಲುಗಳು ನೇತಾಡುತ್ತಿದ್ದವು.

ತುದಿಗಳನ್ನು ಊರಿನ ಕಂಬಕ್ಕೆ ಬಿಗಿದ ಮೇಲೆ, ಹೊತ್ತು ಇಳಿಯುವ ಮೊದಲು ಜನ ದಾಟತೊಡಗಿದರು. ಕಲ್ಲೆಲ್ಲ ಖರ್ಚಾದ ನಾನು ಸೇತುವೆಯ ಮೇಲೆ ಕಾಲಿಟ್ಟರೆ ಹಾರಿಹೋಗುತ್ತಿದ್ದೆ. ತಾವ್ ಸುತ್ತ ನೋಡಿದ. ಒಬ್ಬ ತಾಯಿಯ ಕೈಯಲ್ಲಿ ಇಬ್ಬರು ಮಕ್ಕಳಿದ್ದರು, ಬೆನ್ನ ಮೇಲೆ ಅತ್ತೆ. ಮಕ್ಕಳನ್ನು ಇಸಿದುಕೊಂಡು ಒಂದನ್ನು ನನ್ನ ಎದೆಗೆ, ಒಂದನ್ನು ಬೆನ್ನಿಗೆ ಕಟ್ಟಿದ. ಪ್ರತಿ ಗಂಟನ್ನೂ ಮೂರು ಸಲ ಎಳೆದು ನೋಡಿದ.

"ನಡಿ," ಎಂದ. "ನಾನು ಹಿಂದೆ ಇರ್ತೀನಿ."

ಎದೆಯ ಮೇಲಿದ್ದ ಹುಡುಗಿ ಸೇತುವೆಯ ನಡುವೆ ಕೇಳಿದಳು: "ಅಜ್ಜೀ, ನೀನ್ಯಾಕೆ ಗಾಳಿಪಟದ ಹಂಗೆ ಬಂದೆ?"

"ನಮ್ಮೂರಲ್ಲಿ ಹಂಗೇ."

"ನಂಗೂ ಆಗುತ್ತಾ?"

"ಇಲ್ಲ ಕಂದಾ. ನೀನು ಚೆನ್ನಾಗಿ ಭಾರ ಇದ್ದೀಯ," ಎಂದೆ. ಆ ಭಾರ ನನ್ನ ಹೆಗಲನ್ನು ಕತ್ತರಿಸುತ್ತಿತ್ತು. ಅಷ್ಟು ಹಿತವಾದ ನೋವನ್ನು ನಾನು ಬಹಳ ಕಾಲದಿಂದ ಉಂಡಿರಲಿಲ್ಲ.

ತಾವ್ ನನ್ನನ್ನು ಈಚೆ ದಡ ಮುಟ್ಟಿಸಿ ಮತ್ತೆ ಹಿಂದಕ್ಕೆ ಹೋದ. ಎಲ್ಲರೂ ದಾಟಿದ ಮೇಲೆ, ಕೊನೆಯ ಮೇಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಅವನು ಈಚೆ ಕಾಲಿಡುವುದಕ್ಕೂ ಆಚೆ ಇಳಿಜಾರಿನಲ್ಲಿ ಕುದುರೆಗಳು ಕಾಣಿಸುವುದಕ್ಕೂ ಸರಿಹೋಯಿತು. ಸೇತುವೆಯ ಹಗ್ಗಗಳನ್ನು ಎರಡನೆಯ ಸಲ ಕಡಿದರು. ಕೊಡಲಿ ಹಿಡಿದವನು ಈ ಸಲ ತಾವ್. ಬಂಡುಕೋರರು ಬಾಣ ಬಿಟ್ಟರು. ಎದುರುಗಾಳಿಗೆ ಅವು ಕಣಿವೆಯ ನಡುವೆಯೇ ತಿರುಗಿ ಹೊಳೆಗೆ ಬಿದ್ದವು. ಎರಡು ದಿನ ಅಲ್ಲೇ ಸುತ್ತಾಡಿ, ಬೇರೆ ದಾರಿ ಹಿಡಿದು ಹೋದರು.

ಮುನ್ನೂರು ಜನ ಮನೆಮನೆಗೆ ಹಂಚಿಹೋದರು. ತಾವ್ ಮಾತ್ರ ಯಾರ ಮನೆಗೂ ಹೋಗದೆ ಈಚೆ ಕಂಬದ ಬಳಿಯ ಹಳೆಯ ಹಗ್ಗದ ಕೊಟ್ಟಿಗೆಯಲ್ಲಿ ಮಲಗಿದ. ಬೆಳಿಗ್ಗೆ ಬಿಸಿ ಗಂಜಿ ತೆಗೆದುಕೊಂಡು ಹೋದೆ. ಆಗಲೇ ಬಿದಿರು ಸೀಳುತ್ತ ಕೂತಿದ್ದ. ಗಂಜಿ ಅವನ ಮುಂದಿಟ್ಟು ನಾನೂ ಕೂತೆ. ಹನ್ನೊಂದು ವರ್ಷದಿಂದ ಯಾರಿಗೂ ಹೇಳದ ಮಾತೊಂದಿತ್ತು. ಅದನ್ನು ಇನ್ನು ಇಟ್ಟುಕೊಳ್ಳುವುದು ಆಗದೆಂದು ತಿಳಿದೇ ಹೋಗಿದ್ದೆ.

"ಗಂಟು ಬಿಚ್ಚಿರ್ಲಿಲ್ಲ," ಎಂದೆ.

ಅವನ ಕೈ ನಿಂತಿತು.

"ಆ ವರ್ಷ ಕೆಲಸ ಜಾಸ್ತಿ ಇತ್ತು. ಚುನ್ಯಾಗೆ ಹೊಸ ಕಲ್ಲು ಮಾಡ್ಲಿಲ್ಲ. ಹಿಂದಿನ ವರ್ಷದ್ದನ್ನೇ ಕೊಟ್ಟು ಕಳಿಸ್ದೆ. ಮಗು ಆ ಒಂದು ವರ್ಷದಲ್ಲಿ ಬೆಳೆದಿತ್ತು. ಬೆಳೆದಷ್ಟೂ ಗಾಳಿ ಜಾಸ್ತಿ ಎತ್ತುತ್ತೆ. ಅದು ಊರಿಗೆಲ್ಲ ಹೇಳೋಳು ನಾನೇ. ಬಾಗಿಲಲ್ಲಿ ಅವಳ ನಡಿಗೆ ನೋಡ್ದೆ. ಕಲ್ಲು ಸಾಲ್ದು ಅಂತ ಕಣ್ಣು ಹೇಳ್ತು. ನಾಳೆ ಮಾಡಿದ್ರಾಯ್ತು ಅಂದ್ಕೊಂಡೆ."

"ಎಷ್ಟು ಕಮ್ಮಿ ಇತ್ತು?" ಎಂದ.

ಹೆಬ್ಬೆರಳು ತೋರಿಸಿದೆ. "ಇಷ್ಟು."

"ಅಷ್ಟೇನಾ?"

"ಅಷ್ಟೇ."

ಅವನು ನನ್ನ ಹೆಬ್ಬೆರಳನ್ನು ನೋಡುತ್ತ ಕೂತ. "ಹನ್ನೊಂದು ವರ್ಷ," ಎಂದ. ದನಿ ಜೋರಿರಲಿಲ್ಲ. "ದಿನಾ ಆ ಗಂಟು ಹಾಕ್ತಿದ್ದೆ ನಾನು. ಎಲ್ಲಿ ತಪ್ಪಿದೆ ಅಂತ ನೋಡೋಕೆ. ಹಾಕೋದು, ಬಿಚ್ಚೋದು. ಒಂದ್ಸಲಾನೂ ಅದು ಜಾರ್ಲಿಲ್ಲ. ಆದ್ರೂ ನೀನು ಹೇಳಿದ್ದನ್ನೇ ನಂಬ್ದೆ. ನಿನ್ನ ಕಣ್ಣು ತಪ್ಪಲ್ಲ ಅಂತ."

"ಗೊತ್ತು."

"ಗೊತ್ತಿಲ್ಲ ನಿಂಗೆ," ಎಂದು ಎದ್ದು, ಬಿದಿರಿನ ಸೀಳುಗಳನ್ನು ಹಾಗೇ ಬಿಟ್ಟು, ಹೊಳೆಯ ದಾರಿ ಹಿಡಿದು ಇಳಿದುಹೋದ. ಗಂಜಿ ಆರಿತು. ನಾನು ಪಾತ್ರೆ ತೆಗೆದುಕೊಂಡು ಮನೆಗೆ ಬಂದು, ವೂ ಅಜ್ಜಿಯ ಒಲೆಯ ಮುಂದೆ, ಶಾವಿಗೆಗೆ ಕಾಯುತ್ತಿದ್ದ ಹತ್ತು ಜನರೆದುರು, ಅದನ್ನೇ ಮತ್ತೊಮ್ಮೆ ಹೇಳಿದೆ. ಅವನ ಗಂಟಿನ ಹೆಸರು ಕೆಡಿಸಿದ್ದು ಊರೆದುರು, ಸರಿಪಡಿಸುವುದೂ ಊರೆದುರೇ ಆಗಬೇಕಿತ್ತು. ಯಾರೂ ಕಲ್ಲು ತಂದು ನನ್ನ ಬಾಗಿಲಿಗೆ ಎಸೆಯಲಿಲ್ಲ. ಇಬ್ಬರು ತಾಯಂದಿರು ಮಾತ್ರ ಸಂಜೆ ಮಕ್ಕಳನ್ನು ಕರೆತಂದು, "ಒಂದ್ಸಲ ಮತ್ತೆ ನೋಡ್ಬಿಡಕ್ಕಾ," ಎಂದರು. ನೋಡಿದೆ. ಒಂದು ಮಗುವಿನ ಕಲ್ಲಿಗೆ ಇನ್ನೊಂದು ಚೂರು ಕೂಡಿಸಿದೆ. ಅಂದಿನಿಂದ ಗಾಳಿ ತಿಂಗಳಲ್ಲಿ ಪ್ರತಿ ಐದು ದಿನಕ್ಕೊಮ್ಮೆ ಊರಿನ ಎಲ್ಲ ಮಕ್ಕಳೂ ನನ್ನೆದುರು ಏಳು ಹೆಜ್ಜೆ ನಡೆಯಬೇಕೆಂದು ಕಟ್ಟಳೆ ಮಾಡಿದೆ. ಲು ಅದಕ್ಕೆ ಕಚೇರಿಯ ಮುದ್ರೆ ಒತ್ತಿದ.

ಅವನು ಸೇತುವೆ ಕಡಿಸಿದ್ದು ತನ್ನ ತಪ್ಪೆಂದು ರಾಜಧಾನಿಗೆ ತಾನೇ ಬರೆದ. ದಾರಿ ತೆರೆದ ಮೇಲೆ ಉತ್ತರ ಬಂತು, ಪದವಿ ಒಂದು ಮೆಟ್ಟಿಲು ಇಳಿಯಿತು. ಹೊರಡುವಾಗ ನಾಲ್ಕರಲ್ಲಿ ಒಂದು ಕಲ್ಲನ್ನು ಕೇಳಿ ತೆಗೆದುಕೊಂಡು ಹೋದ. ಅಲ್ಲಿ ಏನಕ್ಕೆ ದೊರೆ ಎಂದರೆ, "ಕಾಗದ ಹಾರದಂತೆ ಮೇಲಿಡಲು" ಎಂದ.

ಗಂಜಿ ಒಯ್ದ ಆ ಬೆಳಿಗ್ಗೆಯಿಂದ ತಾವ್ ಮಾತ್ರ ಹನ್ನೊಂದು ದಿನ ನನ್ನ ಮುಖ ನೋಡಲಿಲ್ಲ. ನಾನು ದಿನವೂ ಕೊಟ್ಟಿಗೆಯ ಬಾಗಿಲಿಗೆ ಊಟ ಇಟ್ಟು ಬರುತ್ತಿದ್ದೆ. ಮೊದಲ ಮೂರು ದಿನ ಪಾತ್ರೆ ಇಟ್ಟ ಹಾಗೇ ಇರುತ್ತಿತ್ತು. ನಾಲ್ಕನೆಯ ದಿನ ಖಾಲಿಯಾಗಿ, ತೊಳೆದು ಬೋರಲು ಹಾಕಿತ್ತು.

ಹನ್ನೆರಡನೆಯ ದಿನ ಮುಂಜಾವಿನಲ್ಲಿ ಗಾಳಿ ನಿಂತಿತು. ಎಲೆ ಅಲ್ಲಾಡುತ್ತಿರಲಿಲ್ಲ. ಆ ದಿನ ಊರಿನ ಎಲ್ಲರೂ ಪಟ್ಟಿ ಬಿಚ್ಚಿ ಕಲ್ಲುಗಳನ್ನು ನನ್ನ ಅಂಗಡಿಯ ಮುಂದೆ ಇಟ್ಟು ಹೋಗುವುದು ವಾಡಿಕೆ. ಮುಂದಿನ ವರ್ಷದ ತನಕ ಅವು ನನ್ನ ಬಳಿ ಇರುತ್ತವೆ. ಈ ಸಲ ಒಬ್ಬೊಬ್ಬರು ನಾಲ್ಕು ನಾಲ್ಕು ತಂದಿದ್ದರಿಂದ ಗುಡ್ಡೆ ಕಿಟಕಿಯ ಎತ್ತರಕ್ಕೆ ಬೆಳೆದಿತ್ತು. ನಾನು ಒಂದೊಂದೇ ಎತ್ತಿ ಒಳಗೆ ಒಯ್ಯುತ್ತಿದ್ದೆ. ಮೈಗೆ ಭಾರ ಮರಳಿದ ದಿನ ಮೊಣಕಾಲು ನೋಯುತ್ತದೆ.

ಬೀದಿಯ ಕೊನೆಯಿಂದ ಎಡಗಾಲೆಳೆಯುವ ಹೆಜ್ಜೆಯ ಸದ್ದು ಬಂತು. ನಾನು ತಿರುಗಲಿಲ್ಲ. ಅದು ನನ್ನ ಬಾಗಿಲಿನಲ್ಲಿ ನಿಂತಿತು. ಒಂದು ದೊಡ್ಡ ಕಲ್ಲನ್ನು ನೆಲದಿಂದ ಎತ್ತುವಾಗ ಉಸಿರು ಬಿಗಿಹಿಡಿದದ್ದು ಕೇಳಿಸಿತು.

"ಎಲ್ಲಿಡ್ಲಿ?" ಎಂದ.

"ದೊಡ್ಡೋರದ್ದು ಗೋಡೆ ಪಕ್ಕ. ಮಕ್ಕಳದ್ದು ಈ ಕಡೆ, ನನ್ನ ಕೈಗೆ ಸಿಗೋ ಹಾಗೆ."

ಅವನು ಒಳಗೆ ಬಂದ.